ಅಕ್ಕನ ರಾಕ್ಷಸನಿಗೊಂದು ಮೊಟ್ಟೆ

ಒಂದಾನೊಂದು ಕಾಲದಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಅವನ ಪ್ರಾಣ ಅವನ ಎದೆಯೊಳಗಿರಲಿಲ್ಲ; ಎಲ್ಲೋ ದೂರದ ಮರದ ಪೊಟರೆಯಲ್ಲಿ, ಒಂದು ಮೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತಂತೆ. ಮೊಟ್ಟೆ ಯಾರಿಗೆ ಸಿಕ್ಕಿತೋ ರಾಕ್ಷಸನ ಜುಟ್ಟು ಅವರ ಕೈಯಲ್ಲಿ.

ಅಜ್ಜಿ ಈ ಕತೆ ಶುರುಮಾಡಿದರೆ ಅಕ್ಕತಂಗಿ ಒಂದೇ ಹೊದಿಕೆಯೊಳಗೆ ನುಸುಳಿ ಮೈಯೆಲ್ಲ ಕಿವಿಯಾಗುತ್ತಿದ್ದರು. ಮೊಟ್ಟೆ ಒಡೆಯುವ ಗಳಿಗೆ ಬಂತೆಂದರೆ ತಂಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ರಾಕ್ಷಸನ ಮೇಲೂ ಕನಿಕರ.

"ಗುಬ್ಬಿ, ನಿನ್ನ ಕೈಗೆ ಮೊಟ್ಟೆ ಕೊಟ್ರೆ ರಾಕ್ಷಸ ಮೊಮ್ಮಕ್ಕಳನ್ನೂ ಕಾಣ್ತಾನೆ ಬಿಡು," ಎಂದು ಅಕ್ಕ ರೇಗಿಸುತ್ತಿದ್ದಳು.

ಗುಬ್ಬಿ ಬೆಳೆದು ದೊಡ್ಡವಳಾದಳು, ಹೋಗಿ ಹೋಗಿ ಕ್ಯಾನ್ಸರ್ ಸಂಶೋಧನೆಯ ಲ್ಯಾಬೊಂದರಲ್ಲಿ ಮೊಟ್ಟೆಗಳ ಕೆಲಸಕ್ಕೇ ಸೇರಿದಳು. ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪಿನಡಿ ತೆಳ್ಳನೆಯ ಒಂದು ಪೊರೆ ಹರಡಿಕೊಳ್ಳುತ್ತದೆ. ಅದರ ತುಂಬ ರಕ್ತನಾಳಗಳು; ಒಳಗಿನ ಮರಿ ಉಸಿರಾಡುವುದೇ ಅದರಿಂದ. ಚಿಪ್ಪಿಗೆ ಪುಟ್ಟ ಕಿಟಕಿ ಕೊರೆದು, ಪೊರೆಯ ಮೇಲೆ ಕ್ಯಾನ್ಸರ್ ಕೋಶಗಳ ಒಂದು ತೊಟ್ಟು ಇಟ್ಟರೆ, ಏನೂ ಅರಿಯದ ಆ ನಾಳಗಳು ಬಂದ ನೆಂಟನಿಗೆಂಬಂತೆ ಅದಕ್ಕೂ ಉಣಿಸುತ್ತವೆ. ಗಡ್ಡೆ ಹೇಗೆ ಬೇರು ಬಿಡುತ್ತದೆ, ಯಾವ ಮದ್ದಿಗೆ ಮುದುಡುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು.

ಅಕ್ಕನ ಮೊಣಕಾಲ ನೋವು ಮೂಳೆ ಕ್ಯಾನ್ಸರೆಂದು ಗೊತ್ತಾದದ್ದು ಆಮೇಲೆ. ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೊರಗಿ ಕೂತು ಅವಳು ನಕ್ಕಳು.

"ನನ್ನ ರಾಕ್ಷಸ ನಿಮ್ಮ ಲ್ಯಾಬಿಗೆ ಬರ್ತಿದಾನೆ ಕಣೇ. ತೆಗೆದ ಗಡ್ಡೇನ ನಿಮಗೇ ಕೊಡ್ತೀನಿ ಅಂತ ಡಾಕ್ಟರಿಗೆ ಹೇಳಿದೀನಿ."

"ಸುಮ್ನಿರೇ ಅಕ್ಕ."

"ಮೊಟ್ಟೆಗೆ ಹಾಕು. ಅದೇನು ತಿಂದು ಕೊಬ್ತಾನೋ ನೋಡು. ನೋಡಾದ್ಮೇಲೆ ಮುಗಿಸ್ಬಿಡು. ಆದ್ರೆ ಕಣ್ಣು ಮುಚ್ಕೋಬಾರ್ದು. ಮಾತು ಕೊಡು."

ಗುಬ್ಬಿ ಮಾತು ಕೊಟ್ಟಳು.

ಗಡ್ಡೆ ತೆಗೆಯುವಷ್ಟರಲ್ಲಿ ಅದು ಶ್ವಾಸಕೋಶದ ದಾರಿ ಹಿಡಿದಾಗಿತ್ತು. ಅಕ್ಕ ಹೋದಳು. ಮನೆಯಲ್ಲಿ ಅವಳ ಬಾಚಣಿಗೆ ಉಳಿಯಿತು, ಒಂದು ಕಡೆ ಸವೆದ ಚಪ್ಪಲಿ ಉಳಿಯಿತು. ಜೀವವಿರುವ ತುಣುಕೆಂದು ಉಳಿದದ್ದು ಲ್ಯಾಬಿನ ಎರಡು ಶೀಶೆಗಳಲ್ಲಿ ಹೆಪ್ಪುಗಟ್ಟಿಸಿಟ್ಟ ಗಡ್ಡೆಯ ಕೋಶಗಳು ಮಾತ್ರ. ಅವಳನ್ನು ಕೊಂದದ್ದೂ ಅವೇ.

ಗಾಜಿನ ತಟ್ಟೆಯಲ್ಲಿ ಆ ಕೋಶಗಳು ಬೆಳೆಯಲು ಸುತರಾಂ ಒಪ್ಪಲಿಲ್ಲ. ಮೊದಲ ಶೀಶೆಯದನ್ನು ಮೊಟ್ಟೆಗಳಿಗೆ ಹಾಕಿದ್ದೂ ವ್ಯರ್ಥವಾಯಿತು. ಯಾಕೆಂದು ಪತ್ತೆ ಮಾಡಿದವನು ಜೊತೆಗೆ ಕೆಲಸ ಮಾಡುವ ಲಂಬು. ಒಂದು ಬೆಳಿಗ್ಗೆ ಅವನು ಒಳಗೆ ಬಂದಾಗ ಗುಬ್ಬಿ ಕಾವುಪೆಟ್ಟಿಗೆಗೆ ಕೈ ಹಾಕಿ ಮೊಟ್ಟೆಗಳ ಮಗ್ಗುಲನ್ನು ಒಂದೊಂದಾಗಿ ಮೆಲ್ಲಗೆ ಬದಲಿಸುತ್ತಿದ್ದಳು.

"ಏನಮ್ಮಾ ಮಾಡ್ತಿದೀಯ?"

"ತಿರುಗಿಸ್ತಿದೀನಿ. ಇಲ್ದಿದ್ರೆ ಮರಿ ಚಿಪ್ಪಿಗೆ ಅಂಟ್ಕೊಳ್ಳಲ್ವಾ? ಕೋಳಿ ದಿನಾ ತಿರುಗಿಸತ್ತೆ, ನಮ್ಮಜ್ಜಿ ತೋರ್ಸಿದ್ರು."

"ಕಿಟಕಿ ಕೊರೆದ ಮೊಟ್ಟೆ ಮೇಲೆ ಕಾವು ಕೂತ ಕೋಳೀನ ನಿಮ್ಮಜ್ಜಿ ಎಲ್ಲಿ ನೋಡಿದ್ರು? ಕೋಶಗಳೆಲ್ಲ ಜಾರಿ ಮೂಲೆ ಸೇರಿವೆ ನೋಡು!"

ಗುಬ್ಬಿಯ ಕೈ ಅಲ್ಲೇ ನಿಂತಿತು. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಮನಸ್ಸು ಅಕ್ಕನ ಹಿಂದೆ ಅಲೆಯುತ್ತಿದ್ದಾಗ ಕೈ ಅಜ್ಜಿಯ ಮಾತು ಕೇಳಿತ್ತು.

ಕೊನೆಯ ಶೀಶೆಯ ಸರದಿಯಲ್ಲಿ ಅವಳು ಪೆಟ್ಟಿಗೆಯ ಬಾಗಿಲಿಗೆ 'ಕೈ ಹಚ್ಚಬೇಡ ಗುಬ್ಬಿ' ಎಂದು ತಾನೇ ಬರೆದು ಅಂಟಿಸಿದಳು. ಈ ಸಲ ಗಡ್ಡೆ ಹಿಡಿಯಿತು. ಮದ್ದು ಹಾಕಿದ ಮೊಟ್ಟೆಗಳಲ್ಲಿ ಅದು ಚಿಕ್ಕದಾಗೇ ಉಳಿಯಿತು. ಲಂಬು ಅವನ್ನೆಲ್ಲ ಅಳೆದು ಮುಗಿಸಿದ. ಮದ್ದು ಹಾಕದೆ ಬಿಟ್ಟವುಗಳಲ್ಲಿ ಒಂದನ್ನು ಗುಬ್ಬಿ ಯಾರಿಗೂ ಮುಟ್ಟಗೊಡಲಿಲ್ಲ. ಅದರ ಕಿಟಕಿಗೆ ಕಣ್ಣಿಟ್ಟರೆ ಮುತ್ತಿನಂಥ ಬಿಳಿ ಗಡ್ಡೆ, ಸುತ್ತಲಿಂದ ಅದರತ್ತ ಬಾಗಿದ ಕೆಂಪು ನಾಳಗಳು, ಅವುಗಳಲ್ಲಿ ಪುಟಪುಟನೆ ಓಡುವ ನೆತ್ತರು. ಅಕ್ಕನ ತಟ್ಟೆಗೆ ಇನ್ನೊಂದು ತುತ್ತು ಬಡಿಸಿದಷ್ಟು ಸಮಾಧಾನವಾಗುತ್ತಿತ್ತು. ಮರುಕ್ಷಣವೇ ಅಂಥ ಸಮಾಧಾನಕ್ಕೆ ಅವಳಿಗೆ ಹೇಸಿಗೆಯಾಗುತ್ತಿತ್ತು. ಆದರೂ ನಾಳೆ ಮುಗಿಸೋಣ ಎನ್ನುತ್ತಿದ್ದಳು.

ಲ್ಯಾಬಿನ ಹಿರಿಯರಾದ ಮೇಡಂ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಮರಿಗೆ ನೋವು ತಿಳಿಯೋ ಮೊದಲು ಮುಗಿಸಬೇಕಮ್ಮ. ಇವತ್ತು ದಾಟಬಾರದು. ಲಂಬು ಮಾಡಲಿ, ನೀನು ಆಚೆ ಹೋಗಿರು."

"ಒಂಚೂರು ಕತ್ತರಿಸಿ ಜೀವಂತವಾಗೇ ತೆಗೆದಿಟ್ಕೊಂಡ್ರೆ, ಮೇಡಂ?"

"ಕತ್ತರಿಸಿದ್ರೆ ನಾಳ ಒಳಗೆ ಹೇಗೆ ಹೋಯ್ತು ಅಂತ ತಿಳಿಯಲ್ಲ. ಇಡಿಯಾಗೇ ಬೇಕು."

ಅದೇನು ತಿಂದು ಕೊಬ್ತಾನೋ ನೋಡು. ಅಕ್ಕ ಕೇಳಿದ್ದೂ ಅದನ್ನೇ.

"ನಾನೇ ಮಾಡ್ತೀನಿ," ಎಂದಳು ಗುಬ್ಬಿ.

ಮೊಟ್ಟೆಯನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಸೂಕ್ಷ್ಮದರ್ಶಕವನ್ನು ಕಿಟಕಿಯತ್ತ ಬಾಗಿಸಿದಳು. ನಾಳಗಳ ಓಟ ನಿಧಾನವಾಯಿತು. ತಡವರಿಸಿತು. ರೆಪ್ಪೆಗಳು ಮುಚ್ಚಲು ಹವಣಿಸಿದವು, ಅವಳು ಬಿಡಲಿಲ್ಲ. ಎಲ್ಲಕ್ಕಿಂತ ಸಣ್ಣದೊಂದು ನಾಳ, ಗಡ್ಡೆಯ ಅಂಚಿನದು, ಇನ್ನೂ ಒಂದಿಷ್ಟು ಹೊತ್ತು ಮಿಡಿಯುತ್ತಿತ್ತು. ಅವಳು ಅದರ ಜೊತೆಗೇ ಇದ್ದಳು. ಆಮೇಲೆ ಅದೂ ನಿಂತಿತು.

ಪೊರೆಯನ್ನು ಸುತ್ತಲೂ ಕತ್ತರಿಸಿ, ಗಡ್ಡೆಯನ್ನು ಇಡಿಯಾಗಿ ಎತ್ತಿ, ಕೆಡದಂತೆ ಕಾಪಿಡುವ ಫಾರ್ಮಲಿನ್ ಬಾಟಲಿಗೆ ಇಳಿಸಿದಳು. ಅದು ಒಮ್ಮೆ ತೇಲಿ, ಮೆಲ್ಲಗೆ ತಳ ಸೇರಿತು.

"ನೋಡ್ದೆ ಕಣೇ ಅಕ್ಕ," ಎಂದಳು. "ಪೂರ್ತಿ ನೋಡ್ದೆ."

ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.