ಎರಡನೇ ಮೋರಿ ತನಕ

ಕೆಂಪಪ್ಪ ಮೇಷ್ಟ್ರ ಶುಗರ್ ಇಳಿಯಿತು. ಅದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಆ ವರ್ಷ ಅವರ ಮನೆಯಲ್ಲಿ ಒಳ್ಳೆಯದು ಅಂತ ಆದದ್ದು ಅದೊಂದೇ.

ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ, ಪಿ.ಟಿ. ಮೇಷ್ಟ್ರು. ಮೂವತ್ತೊಂದು ವರ್ಷ ಶಿರಾಳಕೊಪ್ಪದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಕಬಡ್ಡಿ, ಖೊಖೊ ಆಡಿಸಿ, ನಿವೃತ್ತಿಯಾದ ಮೇಲೆ ಜಡೆ ಅನ್ನುವ ಊರಿನ ತಮ್ಮ ಮನೆಗೆ ಬಂದು ಕೂತರು. ಕೂತರು ಅನ್ನುವುದು ಬರೀ ಮಾತಿಗಲ್ಲ, ನಿಜವಾಗಿಯೂ ಕೂತೇಬಿಟ್ಟರು. ಗೆರೆಯಾಚೆ ನಿಂತು ಸೀಟಿ ಊದಿದವರಿಗೆ ಹೊಟ್ಟೆ ಬರಬಾರದು ಅಂತ ಕಾನೂನೇನೂ ಇಲ್ಲವಲ್ಲ. ಅರವತ್ತೆರಡಕ್ಕೆ ಒಂದು ದಿನ ಕಣ್ಣು ಮಂಜಾಗಿ ಸೊರಬದ ಡಾಕ್ಟರ ಹತ್ತಿರ ಹೋದರೆ, ಶುಗರ್ ಮುನ್ನೂರರ ಹತ್ತಿರ ಬಂದಿದೆ ಅಂದರು. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ಇಲ್ಲದಿದ್ದರೆ ಕಣ್ಣು ಮೊದಲು ಹೋಗುತ್ತೋ ಕಾಲು ಮೊದಲು ಹೋಗುತ್ತೋ ನಾನು ಹೇಳಲಾರೆ ಅಂದರು. ಹೊಸ ಮಾತ್ರೆ, ದಾರಿಯಲ್ಲಿ ತಲೆ ಸುತ್ತಬಹುದು, ಯಾರಾದರೂ ಜೊತೆಗಿರಲಿ ಅಂತಲೂ ಸೇರಿಸಿದರು.

ಯಾರಾದರೂ ಅಂದರೆ ಹೆಂಡತಿ ಬಂಗಾರಮ್ಮ. ಇನ್ಯಾರು ಸಿಗುತ್ತಾರೆ ಬೆಳಗಿನ ಆರು ಗಂಟೆಗೆ?

ಮಗಳು ಧನಲಕ್ಷ್ಮಿ ಶಿಕಾರಿಪುರದಿಂದ ಬಂದು ಅಪ್ಪನಿಗೆ ಬೂಟು, ಟ್ರ್ಯಾಕ್ ಪ್ಯಾಂಟು ಕೊಡಿಸಿದಳು. ಅಮ್ಮನಿಗೆ ಹವಾಯಿ ಚಪ್ಪಲಿ ಇದ್ದೇ ಇತ್ತು, ಹಾಗಾಗಿ ಅವಳ ಕಾಲಿನ ವಿಚಾರ ಯಾರಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ. ಬಂಗಾರಮ್ಮ ಐದಕ್ಕೆ ಮುಂಚೆ ಎದ್ದು ಕಸ ಗುಡಿಸಿ, ಹಸು ಕರೆದು, ಹಾಲನ್ನು ಡೈರಿಗೆ ಹಾಕಿ ಬರುವ ಹೊತ್ತಿಗೆ ಮೇಷ್ಟ್ರು ಬೂಟಿನ ಲೇಸು ಕಟ್ಟಿ ಜಗಲಿಯ ಮೇಲೆ ಕೈ ಕಾಲು ಆಡಿಸುತ್ತಿದ್ದರು. "ಬಾರೇ, ಹೊತ್ತಾಯ್ತು" ಅನ್ನುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಿದ್ದಳು.

ಮನೆಯಿಂದ ಆನವಟ್ಟಿ ರಸ್ತೆಯ ಎರಡನೇ ಮೋರಿ ತನಕ ಹೋಗಿ ಬಂದರೆ ನಾಲ್ಕು ಕಿಲೋಮೀಟರು. ಮುಂದೆ ಮೇಷ್ಟ್ರು, ಹತ್ತು ಹೆಜ್ಜೆ ಹಿಂದೆ ಬಂಗಾರಮ್ಮ. ಹೀಗೇ ನಡೆಯಬೇಕು ಅಂತ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾದ ಮಾರನೇ ದಿನ ದೇವಸ್ಥಾನಕ್ಕೆ ಹೋದಾಗಲೂ ಹಾಗೇ ನಡೆದಿದ್ದರು, ಸಂತೆಗೆ ಹೋದಾಗಲೂ, ಮಗಳಿಗೆ ಗಂಡು ನೋಡಲು ಹೋದಾಗಲೂ ಹಾಗೇ. ಆ ಕಡೆ ಯಾವ ಊರಿನ ರಸ್ತೆಯಲ್ಲಿ ನಿಂತು ನೋಡಿದರೂ ಅರವತ್ತು ದಾಟಿದ ಗಂಡ ಹೆಂಡತಿ ಅಕ್ಕಪಕ್ಕ ನಡೆಯುವುದು ಕಾಣಿಸುವುದಿಲ್ಲ. ತಲೆ ಸುತ್ತಿ ಬಿದ್ದರೆ ಹಿಂದಿನವಳು ಹಿಡಿಯಬಹುದು, ಡಾಕ್ಟರು ಹೇಳಿದ್ದು ಅಷ್ಟೇ ತಾನೇ ಅಂತ ಮೇಷ್ಟ್ರ ಲೆಕ್ಕ. ಹಿಂದಿನವಳು ಬಿದ್ದರೆ ಅನ್ನುವುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ತಿಂಗಳು ಕಳೆಯುವುದರೊಳಗೆ ಮೇಷ್ಟ್ರಿಗೆ ನಡಿಗೆಯ ಹುಚ್ಚು ಹಿಡಿಯಿತು. ಮೊದಲು ಒಂದು ಗಂಟೆ ತೆಗೆದುಕೊಂಡ ದಾರಿ ಐವತ್ತು ನಿಮಿಷಕ್ಕೆ ಬಂತು, ಆಮೇಲೆ ನಲವತ್ತೈದಕ್ಕೆ. ಹೊಟ್ಟೆ ಇಳಿಯಿತು, ಬೆನ್ನು ನೆಟ್ಟಗಾಯಿತು. ಮೊದಲನೇ ಮೋರಿಯ ಹತ್ತಿರ ಚಹಾದಂಗಡಿ ಇಟ್ಟಿದ್ದ ಧರ್ಮಪ್ಪ ದಿನಾ ಒಂದು ಮಾತು ಎಸೆಯುತ್ತಿದ್ದ.

"ಮೇಷ್ಟ್ರೇ, ಇನ್ನೊಂದ್ ಮದುವೆ ಮಾಡ್ಬಹುದಲ್ರೀ ನಿಮಗೆ!"

"ಸುಮ್ನಿರೋ, ಹಿಂದೆ ಬರ್ತಾ ಇದಾಳೆ."

"ಎಲ್ಲಿ ಬರ್ತಿದಾರೆ? ಕಾಣ್ಸೋದೇ ಇಲ್ವಲ್ಲ!"

"ಬರ್ತಾಳೆ ಮಾರಾಯ, ಸೊಪ್ಪು ಕೀಳ್ತಿರ್ತಾಳೆ" ಅಂದು ಮೇಷ್ಟ್ರು ಹೆಜ್ಜೆ ಹಾಕುತ್ತಿದ್ದರು.

ಅದು ಸುಳ್ಳಲ್ಲ. ಬಂಗಾರಮ್ಮ ಗದ್ದೆಯಂಚಿನ ಕಾಲುವೆ ಪಕ್ಕ ಬಗ್ಗಿ ಒಂದೆಲಗ ಕೀಳುತ್ತಿದ್ದಳು. ಆದರೆ ಅವಳು ಬಗ್ಗುತ್ತಿದ್ದದ್ದು ಸೊಪ್ಪಿಗಲ್ಲ, ಉಸಿರಿಗೆ. ಎದೆಯೊಳಗೆ ಯಾರೋ ಹಿಡಿದುಕೊಂಡ ಹಾಗಾಗಿ ನೂರು ಹೆಜ್ಜೆಗೊಮ್ಮೆ ನಿಲ್ಲಲೇಬೇಕಾಗುತ್ತಿತ್ತು. ಕೆಲಸವಿಲ್ಲದೆ ಹೆಂಗಸೊಬ್ಬಳು ನಡುರಸ್ತೆಯಲ್ಲಿ ನಿಂತರೆ ಹೋಗುವವರು ಬರುವವರೆಲ್ಲ ಯಾಕಮ್ಮ ನಿಂತ್ರಿ ಅಂತ ಕೇಳುತ್ತಾರೆ, ಆ ಮಾತು ಗಂಡನ ಕಿವಿಗೆ ಬೀಳುತ್ತದೆ, ಅವರು ನಡಿಗೆ ಬಿಡುತ್ತಾರೆ, ಶುಗರ್ ಮತ್ತೆ ಏರುತ್ತದೆ. ಇದಕ್ಕೆಲ್ಲ ಯಾಕೆ ಎಡೆ ಕೊಡಬೇಕು? ಬಗ್ಗಿ ನಾಲ್ಕು ಎಲೆ ಕಿತ್ತರೆ ಯಾರೂ ಕೇಳುವುದಿಲ್ಲ. ಹೀಗೆ ಆ ಮನೆಯಲ್ಲಿ ದಿನಾ ಸೊಪ್ಪಿನ ತಂಬುಳಿ ಆಗುತ್ತಿತ್ತು. ಮೇಷ್ಟ್ರು ಸುರಿದುಕೊಂಡು ಉಣ್ಣುತ್ತ, "ಶುಗರ್‌ಗೆ ಇದಕ್ಕಿಂತ ಮದ್ದಿಲ್ಲ" ಅನ್ನುತ್ತಿದ್ದರು. ಉಬ್ಬಸ ಹೆಚ್ಚಾದಂತೆಲ್ಲ ಸೊಪ್ಪಿನ ಕಟ್ಟು ದಪ್ಪವಾಯಿತು.

ಕೆಂಪಪ್ಪ ಕೆಟ್ಟವರಲ್ಲ. ಅದೇ ಸಂಕಟ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮೈದಾನದಲ್ಲಿ ಇನ್ನೂರು ಮಕ್ಕಳು ಓಡುತ್ತಿದ್ದರೂ ಯಾವ ಹುಡುಗಿಯ ತುಟಿ ಬಿಳಿಚಿದೆ ಅಂತ ಇವರಿಗೆ ಈ ತುದಿಯಿಂದಲೇ ಗೊತ್ತಾಗುತ್ತಿತ್ತು. ಓಡಿ ಹೋಗಿ ನೆರಳಿಗೆ ಕೂರಿಸಿ, ನೀರು ಕೊಟ್ಟು, ನಾಡಿ ಹಿಡಿದು ನೋಡುತ್ತಿದ್ದರು. ಹಾಗೆ ಬದುಕಿದ ಒಬ್ಬ ಹುಡುಗಿ ಈಗಲೂ ವರ್ಷಕ್ಕೊಮ್ಮೆ ಫೋನ್ ಮಾಡುತ್ತಾಳೆ. ಆದರೆ ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮ ಅಂತ ಪೋಷಕರ ಸಭೆಗಳಲ್ಲಿ ಮೂವತ್ತೊಂದು ವರ್ಷ ಭಾಷಣ ಮಾಡಿ ಮಾಡಿ, ಕೊನೆಗೆ ಅದನ್ನು ತಾವೇ ನಂಬಿಬಿಟ್ಟಿದ್ದರು. ದಿನವಿಡೀ ದುಡಿಯುವವಳಿಗೆ ಕಾಯಿಲೆ ಎಲ್ಲಿಂದ ಬರಬೇಕು?

ದೀಪಾವಳಿಗೆ ಬಂದ ಧನಲಕ್ಷ್ಮಿ ಅಮ್ಮ ಹೋಳಿಗೆ ಲಟ್ಟಿಸುತ್ತ ಎರಡು ಸಲ ಗೋಡೆಗೊರಗಿದ್ದನ್ನು ನೋಡಿದಳು. ಪಾದ ಊದಿದ್ದನ್ನೂ ನೋಡಿದಳು.

"ಅಪ್ಪಾ, ಅಮ್ಮಂಗೂ ಒಂದ್ಸಲ ತೋರ್ಸಿ. ಮುಖ ಸರಿಯಿಲ್ಲ."

"ಅವಳಿಗೆಂತ ಆಗಿದೆ? ನನ್ ಸಮಕ್ಕೆ ನಾಲ್ಕು ಕಿಲೋಮೀಟರ್ ನಡೀತಾಳೆ. ನೀನು ನಡಿ ನೋಡಾಣ."

"ಆದ್ರೂ ತೋರ್ಸಿ ಅಪ್ಪಾ."

"ಹದಿನೈದನೇ ತಾರೀಖು ನನ್ನ ಚೆಕಪ್ ಇದೆ. ಹೆಂಗೂ ಬರ್ತಾಳಲ್ಲ, ಆವಾಗ ನೋಡಿದ್ರಾಯ್ತು."

ಹದಿನೈದಕ್ಕೆ ಇಬ್ಬರೂ ಸೊರಬಕ್ಕೆ ಹೋದರು. ಶುಗರ್ ನೂರ ಹದಿನೆಂಟು. ಡಾಕ್ಟರಿಗೆ ಖುಷಿಯೋ ಖುಷಿ. ಹೊರಗೆ ಕೂತಿದ್ದ ನಾಲ್ಕು ಜನರನ್ನು ಒಳಗೆ ಕರೆದು, ಇವರನ್ನು ನೋಡಿ ಕಲಿಯಿರಿ ಅಂದರು. ಮೇಷ್ಟ್ರು ಬೀಗಿದರು. ಎದ್ದು ಹೊರಡುವಾಗ ಡಾಕ್ಟರು ಚೀಲ ಹಿಡಿದು ನಿಂತಿದ್ದ ಬಂಗಾರಮ್ಮನ ಕಡೆ ತಿರುಗಿ, "ಅಮ್ಮ, ನೀವೂ ಕೂತ್ಕೊಳ್ಳಿ, ಬಿ.ಪಿ. ನೋಡ್ತೀನಿ" ಅಂದರು.

ಬಂಗಾರಮ್ಮ ಗಂಡನ ಮುಖ ನೋಡಿದಳು. ಗಂಡ ಕೈಗಡಿಯಾರ ನೋಡಿದರು. ಜಡೆಯ ಬಸ್ಸಿಗೆ ಎಂಟು ನಿಮಿಷ ಇತ್ತು, ಅದು ತಪ್ಪಿದರೆ ಇನ್ನೊಂದಕ್ಕೆ ಎರಡು ಗಂಟೆ ಕಾಯಬೇಕಿತ್ತು.

"ನಂಗೆಂತ ಆಗಿದೆ ಡಾಕ್ಟ್ರೇ, ಚೆನ್ನಾಗೇ ಇದೀನಿ" ಅಂದಳು ಅವಳು.

ಒಂದು ನಿಮಿಷದ ಕೆಲಸ. ಮೇಷ್ಟ್ರು ಕೂತ್ಕೋ ಅಂದಿದ್ದರೆ ಕೂರುತ್ತಿದ್ದಳು, ಅವರು ಹೇಳಿದ್ದನ್ನು ಯಾವತ್ತು ಮೀರಿದ್ದಳು? ಅವರು ಅನ್ನಲಿಲ್ಲ. "ಮುಂದಿನ್ ಸಲ ನೋಡಿಸ್ತೀನಿ ಸಾರ್" ಅಂದು ಹೊರಬಿದ್ದು, ಬಸ್‌ಸ್ಟ್ಯಾಂಡಿಗೆ ಓಡಿದರು. ಅವಳೂ ಓಡಿದಳು. ಬಸ್ಸು ಸಿಕ್ಕಿತು. "ಈ ವಯಸ್ಸಲ್ಲಿ ಓಡಿ ಬಸ್ ಹಿಡಿದೆ ನೋಡಪ್ಪ" ಅಂತ ಕಂಡಕ್ಟರಿಗೆ ಮೇಷ್ಟ್ರು ಹೇಳಿಕೊಂಡರು. ಬಂಗಾರಮ್ಮ ಜಡೆ ಬರುವ ತನಕ ಕಿಟಕಿಗೆ ತಲೆ ಆನಿಸಿಕೊಂಡೇ ಇದ್ದಳು.

ಅದಾಗಿ ಹನ್ನೊಂದನೇ ದಿನ. ನಲವತ್ತು ನಿಮಿಷದೊಳಗೆ ಮುಗಿಸಬೇಕು ಅಂತ ಮೇಷ್ಟ್ರು ವಾರದಿಂದ ಹಟ ಹಿಡಿದಿದ್ದರು. ಆವತ್ತು ಕಾಲು ಹಗುರವಾಗಿತ್ತು, ಚಳಿಯೂ ಹಿತವಾಗಿತ್ತು. ಎರಡನೇ ಮೋರಿ ಮುಟ್ಟಿ ತಿರುಗಿದಾಗ ಹತ್ತೊಂಬತ್ತೂವರೆ ನಿಮಿಷ. ವಾಪಸು ಬರುತ್ತಿದ್ದರೆ ಬಂಗಾರಮ್ಮ ಮೊದಲನೇ ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಧರ್ಮಪ್ಪ ಇನ್ನೂ ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ನೋಡಿದ್ದು ಅದನ್ನೇ.

"ಇವತ್ತು ಸೊಪ್ಪು ಸಿಗ್ಲಿಲ್ವೇನೇ?"

"ಇಲ್ಲ ರೀ."

"ಏಳು ಮತ್ತೆ."

"ನೀವು ಹೋಗ್ತಾ ಇರಿ. ನಾ ಬಂದೆ."

ಹೋದರು. ನಿಲ್ಲಲೂ ಇಲ್ಲ, ನಿಂತರೆ ನಿಮಿಷ ಹೋಗುತ್ತಿತ್ತು. ಮನೆ ಅಂಗಳಕ್ಕೆ ಕಾಲಿಟ್ಟಾಗ ಮೂವತ್ತೊಂಬತ್ತು ನಿಮಿಷ. ಖುಷಿಗೆ ಒಬ್ಬರೇ ನಕ್ಕರು. ಬೂಟು ಬಿಚ್ಚಿ, ಕಾಲು ತೊಳೆದು, ಜಗಲಿಯ ಮೇಲೆ ಪೇಪರು ಹಿಡಿದು ಕೂತರು. ಚಹಾ ಬರಬೇಕಿತ್ತು, ಬರಲಿಲ್ಲ. ಇವಳಿಗೆ ದಾರಿಯಲ್ಲಿ ಯಾರೋ ಸಿಕ್ಕಿರಬೇಕು, ಮಾತಿಗೆ ನಿಂತಳು ಅಂತ ಸ್ವಲ್ಪ ಸಿಟ್ಟೂ ಮಾಡಿಕೊಂಡರು. ಪೇಪರಿನ ಎರಡು ಪುಟ ಓದಿ ಮುಗಿಸುವಷ್ಟು ಹೊತ್ತು ಹಾಗೆ ಕೂತೇ ಇದ್ದರು. ಆ ಹೊತ್ತನ್ನು ಅವರು ಈ ಜನ್ಮದಲ್ಲಿ ಮರೆಯಲಾರರು.

ಧರ್ಮಪ್ಪನ ಬೈಕು ಬಂದು ನಿಂತಿತು. ಅವನು ಎಂಜಿನ್ ಆರಿಸದೆ ಹಿಂದಿನ ಸೀಟು ತೋರಿಸಿದ. ಮೇಷ್ಟ್ರು ಬರಿಗಾಲಲ್ಲೇ ಹತ್ತಿ ಕೂತರು.

ಮೋರಿ ಕಟ್ಟೆಯಿಂದ ಬಂಗಾರಮ್ಮನನ್ನು ಯಾರದೋ ಓಮ್ನಿಯಲ್ಲಿ ಸೊರಬಕ್ಕೆ ಹಾಕಿಕೊಂಡು ಹೋದರು. ದಾರಿಯುದ್ದಕ್ಕೂ ಅವಳ ತಲೆ ಮೇಷ್ಟ್ರ ತೊಡೆಯ ಮೇಲಿತ್ತು. ನಾಡಿ ಹಿಡಿದು ಹಿಡಿದು ನೋಡಿದರು. ನಾಡಿ ನೋಡಲು ಬರುತ್ತಿದ್ದ ಕೈಗೆ ಗೊತ್ತಾಗಿಹೋಗಿತ್ತು, ಆದರೂ ಬಿಡದೆ ಅವಳ ಇನ್ನೊಂದು ಕೈಯಲ್ಲೂ ಹುಡುಕಿದರು.

ಡಾಕ್ಟರು ಅದೇ ಡಾಕ್ಟರು. ಬಂಗಾರಮ್ಮನನ್ನು ನೋಡಿ, ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿದರು. ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಧನಲಕ್ಷ್ಮಿಯೂ ಶಿಕಾರಿಪುರದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ಹೃದಯ ತುಂಬಾ ದಿನದಿಂದ ಸೋತಿರಬೇಕು ಮೇಷ್ಟ್ರೇ" ಅಂದರು ಡಾಕ್ಟರು ಮೆಲ್ಲಗೆ. "ಕಾಲು ಬೇರೆ ಊದಿದೆ. ದಿನಾ ನಿಮ್ ಜೊತೆಗೇ ನಡೀತಿದ್ರಲ್ಲ, ನಡೀವಾಗ ಉಬ್ಬಸ ಬರ್ತಿತ್ತಾ? ಅಲ್ಲಲ್ಲಿ ನಿಲ್ತಿದ್ರಾ?"

ಕೆಂಪಪ್ಪ ಮೇಷ್ಟ್ರು ಮಗಳ ಕಡೆ ನೋಡಿದರು, ಡಾಕ್ಟರ ಕಡೆ ನೋಡಿದರು.

"ಗೊತ್ತಿಲ್ಲ ಸಾರ್" ಅಂದರು. "ನಾನು ಮುಂದೆ ಇರ್ತಿದ್ದೆ."