ಅರವತ್ತನಾಲ್ಕು ಹೆಜ್ಜೆ

ಅಂಬರೀಶ್ ಏಳನೆಯ ಸಿಮೆಂಟ್ ಇಟ್ಟಿಗೆಯನ್ನು ಇಳಿಸಿ ಅದರ ಮೇಲೆ ಕಾಲಿಟ್ಟು ನೋಡಿದ. ಅದೂ ಮುಳುಗಿತು. ಕಪ್ಪು ನೀರು ಅವನ ಪಾದವನ್ನು ಬಳಸಿಕೊಂಡು, ತನಗೇನೂ ಅವಸರವಿಲ್ಲವೆಂಬಂತೆ ಮನೆಯ ಮೆಟ್ಟಿಲ ಕಡೆಗೆ ಹೋಯಿತು.

“ಅದ್ರ ಮೇಲೆ ಇನ್ನೊಂದು ಇಕ್ಕು” ಎಂದಳು ಮಂಜುಶ್ರೀ, ಬಾಗಿಲಲ್ಲಿ ನಿಂತು.

“ಎಷ್ಟು ಅಂತ ಇಕ್ಕನಕ್ಕ? ಇದು ನಿಂತಿರೋ ನೀರಲ್ಲ. ಏರ್ತಾ ಅದೆ.”

ಬೆಳಿಗ್ಗೆ ಐದೂವರೆಗೆ ಅವರ ಅಪ್ಪ ಕರಿಯಯ್ಯ ಟೀ ಲೋಟ ಕೈಯಲ್ಲಿ ಹಿಡಿದವನು ಹಿಡಿದ ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಆರೂವರೆಗೆ ಬೀದಿಯ ಮೇಲ್ತುದಿಯ ಮ್ಯಾನ್‌ಹೋಲ್ ಉಕ್ಕಿತು. ಮೂವತ್ತೊಂದು ವರ್ಷ ಊರಿನ ಒಳಚರಂಡಿ ಬಿಡಿಸಿದವನು ಸತ್ತ ದಿನವೇ ಅದು ಕಟ್ಟಿಕೊಳ್ಳಬೇಕೇ ಎಂದು ಬಂದವರೆಲ್ಲ ಒಂದೊಂದು ಸಲ ಹೇಳಿದರು. ಮಂಜುಶ್ರೀಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಈ ಬೀದಿಯಲ್ಲಿ ಅದು ತಿಂಗಳಿಗೆರಡು ಸಲ ಕಟ್ಟುತ್ತಿತ್ತು. ಕಟ್ಟಿದಾಗೆಲ್ಲ ಅಪ್ಪ ಬಿದಿರ ದಬ್ಬೆ ಹಿಡಿದು ಹೋಗಿ, ಮೇಲಿನಿಂದಲೇ ತಿವಿದು ತಿವಿದು ಬಿಡಿಸಿ ಬರುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೂ ಹೋಗುತ್ತಿದ್ದ. ಇವತ್ತು ಬಿಡಿಸುವವನು ಇರಲಿಲ್ಲ, ಅಷ್ಟೇ.

ಈಗ ಹನ್ನೊಂದು ಗಂಟೆ. ಪೌರಕಾರ್ಮಿಕರ ಕಾಲೊನಿಯ ಆ ಇಕ್ಕಟ್ಟು ಬೀದಿಯಲ್ಲಿ ಶಾಮಿಯಾನ ಎದ್ದಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ನೀರಿನಲ್ಲಿ ಕಾಲಿಟ್ಟುಕೊಂಡು ಖಾಲಿ ನಿಂತಿದ್ದವು. ಕೂರಬೇಕಾದವರು ಮುಖ್ಯರಸ್ತೆಯ ಕಟ್ಟೆಯ ಮೇಲೆ ನಿಂತು, ಮೂಗಿಗೆ ಟವೆಲು ಹಿಡಿದು, ಹೋದವನ ಒಳ್ಳೆಯತನ ಮಾತಾಡುತ್ತಿದ್ದರು. ನಿಡಘಟ್ಟದ ನೆಂಟರು ಪ್ಯಾಂಟು ಮಡಚಿಕೊಂಡು ಬಂದು, ಮುಖ ನೋಡಿ, ಮಡಚಿದ ಪ್ಯಾಂಟಿನಲ್ಲೇ ವಾಪಸು ನಡೆದರು.

ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಸೋದರತ್ತೆಗೆ ಮಾತ್ರ ನೀರು ಲೆಕ್ಕಕ್ಕಿರಲಿಲ್ಲ. ಸೀರೆ ಎತ್ತಿ ಕಟ್ಟಿ ಒಳಗೆ ಬಂದವಳು ಅಣ್ಣನ ಮುಖ ಸವರಿ, ಒಂದಷ್ಟು ಹೊತ್ತು ಅತ್ತು, ಆಮೇಲೆ ಹಿತ್ತಲಿಗೆ ಹೋಗಿ ನೀರೊಲೆಯ ಬೂದಿ ಜರಡಿ ಹಿಡಿಯಲು ಕೂತಳು. ಹೆಣ ಎತ್ತಿದ ಮೇಲೆ ಅದು ಇದ್ದ ಜಾಗದಲ್ಲಿ ನುಣ್ಣನೆಯ ಬೂದಿ ಹರವಿ, ದೀಪ ಹಚ್ಚಿಟ್ಟು, ಬಾಗಿಲು ಮುಂದೆ ಮಾಡಿ ಹೋಗಬೇಕು. ಮಣ್ಣು ಮಾಡಿ ಬಂದು ನೋಡಬೇಕು. ಹೋದವರು ಮನೆಗೊಮ್ಮೆ ಬಂದುಹೋಗಿದ್ದರೆ ಬೂದಿಯಲ್ಲಿ ಹೆಜ್ಜೆ ಮೂಡಿರುತ್ತದೆ. ಅವರ ಕಡೆಯ ಪದ್ಧತಿ ಅದು.

ಅವ್ವ ಪಟ್ಟಲಮ್ಮ ಹೆಣದ ತಲೆಯ ಹತ್ತಿರ ಕೂತಿದ್ದಳು. ಬೆಳಗಿನಿಂದ ಅವಳು ಆಡಿದ್ದು ಒಂದೇ ಮಾತು.

“ಆ ನೀರೊಳೀಕೆ ಎತ್ಕೊಂಡೋಗೋದು ಬ್ಯಾಡ. ಜೀವಮಾನೆಲ್ಲ ಅದ್ರಲ್ಲೇ ನಿಂತಿದ್ದ. ಒಂದಿನ ಆದ್ರೂ ಒಣಗಿದ ದಾರೀಲಿ ಓಗ್ಲಿ.”

“ಒತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು ಕಣತ್ಗೆ” ಎಂದಳು ಸೋದರತ್ತೆ ಹಿತ್ತಲಿನಿಂದ.

“ಒಣಗ್ಲಿ. ಆಮ್ಯಾಕೆ ಎತ್ತಿ.”

ಮಂಜುಶ್ರೀಗೆ ಅಳು ಬಂದಿರಲಿಲ್ಲ. ಮದ್ದೂರಿನ ಲ್ಯಾಬೊಂದರಲ್ಲಿ ದಿನವೂ ನೂರು ಜನರ ರಕ್ತ ಎಳೆಯುವವಳು ಅವಳು. ಬೆಳಿಗ್ಗೆ ಅಪ್ಪನ ಕೈಯಿಂದ ಲೋಟ ಬಿಡಿಸಿದಾಗಲೂ ಯಾರದೋ ಕೈ ಹಿಡಿದಂತೆಯೇ ಇತ್ತು. ಲೋಟದಲ್ಲಿ ಅರ್ಧ ಟೀ ಉಳಿದಿತ್ತು. ಅದನ್ನು ಚೆಲ್ಲಿ, ತೊಳೆದು, ಬೋರಲು ಹಾಕಿದ್ದಳು. ಆದರೆ ಅವ್ವನ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಅಪ್ಪನಿಗಾಗಿ ಇನ್ನು ಮಾಡಬಹುದಾದದ್ದು ಇದೊಂದೇ. ಇದೂ ಆಗದಿದ್ದರೆ ತಾನು ಮಗಳಾಗಿ ಇದ್ದದ್ದು ಯಾತಕ್ಕೆ ಎನಿಸಿತು.

ಅಪ್ಪನ ಜೊತೆಯಲ್ಲಿ ದುಡಿದ ಮುದ್ದಯ್ಯ, ರಭಸದ ನೀರು ಬಿಟ್ಟು ಕೊಳವೆ ಬಿಡಿಸುವ ಜೆಟ್ಟಿಂಗ್ ಗಾಡಿ ತಂದು ಒಂದು ಗಂಟೆಯಾಗಿತ್ತು. ಅವನು ಮೆಟ್ಟಿಲ ಹತ್ತಿರ ಬಂದು, ಒಳಗೆ ನೋಡದೆ, ಮಂಜುಶ್ರೀಯನ್ನು ಕರೆದ.

“ಮೇಲ್ಗಡೆಯಿಂದ ಪೈಪು ಬುಟ್ರೆ ಓಗ್ತಾ ಇಲ್ಲ ಮಗ. ತಡೆ ಗಟ್ಟಿ ಅದೆ. ಕೆಳ್ಗಡೆ ಇನ್ನೊಂದು ಮ್ಯಾನ್‌ಹೋಲು ಅದೆಯಂತೆ. ಕಾಂಕ್ರೀಟ್ ಒಳಗೆ ಮುಚ್ಚೋಗದೆ. ಅದು ಸಿಕ್ಕುದ್ರೆ ಐದು ನಿಮಿಷದ ಕೆಲ್ಸ.”

“ಎಲ್ಲದೆ ಅದು?”

“ನಾನು ಪೇಟೆ ಕಡೆ ಲೈನಿನೋನು. ಈ ಲೈನು ಗೊತ್ತಿದ್ದೋನು ಒಳಗೆ ಮಲಗವ್ನೆ.” ಮುದ್ದಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. “ಆ ಎಂಜಿನಿಯರಪ್ಪನ ನಕ್ಸೆಲಿ ಅದೆಯಂತೆ. ಫೋನ್ ಮಾಡಿವ್ನಿ. ಬತ್ತಾವ್ನೆ.”

*

ಊರಿನ ಒಳಚರಂಡಿ ಸುಧಾರಿಸಬೇಕೆಂದು ಬೆಂಗಳೂರಿನ ಕನ್ಸಲ್ಟೆಂಟ್ ಎಂಜಿನಿಯರುಗಳನ್ನು ಗೊತ್ತುಮಾಡಿದ್ದು ಹೋದ ವರ್ಷ. ಬಂದವರು ಮೊದಲು ಕೇಳಿದ್ದು ಹಳೆಯ ನಕ್ಷೆ. ಅದು ಎಂದೋ ಒಂದು ಮಳೆಗಾಲದಲ್ಲಿ ಪುರಸಭೆಯ ಸೋರುವ ಕೋಣೆಯೊಳಗೆ ಮುದ್ದೆಯಾಗಿತ್ತು. “ನಕ್ಸೆ ಅಂದ್ರೆ ನಮ್ಮ ಕರಿಯಯ್ಯನೇ ಸ್ವಾಮಿ” ಎಂದು ಯಾರೋ ಹೇಳಿದರು. ಮಾರನೆಯ ದಿನ ಕಾರು ಕಾಲೊನಿಗೆ ಬಂತು.

ಎಂಜಿನಿಯರ್ ರಘುನಂದನ್‌ಗೆ ಮೂವತ್ತು ದಾಟಿರಲಿಲ್ಲ. ಕರಿಯಯ್ಯನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಕಾಣುವ ಮುಚ್ಚಳಗಳನ್ನು ಅವನ ಯಂತ್ರವೇ ಗುರುತು ಮಾಡಿಕೊಳ್ಳುತ್ತಿತ್ತು. ಮಣ್ಣು, ಡಾಂಬರು, ಕಾಂಕ್ರೀಟಿನ ಕೆಳಗೆ ಹೋದವಕ್ಕೆ ಕರಿಯಯ್ಯನ ಹೆಜ್ಜೆಯೇ ಗತಿ. ಕಂಬದಿಂದ ಇಷ್ಟು, ಅರಳಿಕಟ್ಟೆಯಿಂದ ಇಷ್ಟು ಎಂದು ಊರೆಲ್ಲ ಅವನ ತಲೆಯಲ್ಲಿತ್ತು.

ಮೂರನೆಯ ದಿನ ಮಂಜುಶ್ರೀ ಊಟದ ಡಬ್ಬಿ ಕೊಡಲು ಹೋದಾಗ ಅಪ್ಪ ಟೀ ಅಂಗಡಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ರಘುನಂದನ್ ನಿಂತುಕೊಂಡು ಬರೆದುಕೊಳ್ಳುತ್ತಿದ್ದ. ಅಪ್ಪ ಕೂತು, ಎಂಜಿನಿಯರು ನಿಂತದ್ದನ್ನು ಅವಳು ಅದೇ ಮೊದಲು ನೋಡಿದ್ದು.

“ನಡೆದು ತೋರುಸ್ತೀನಿ ಅಂದ್ರೂ ಬುಡ್ತಾ ಇಲ್ಲ ಕಣಮ್ಮ” ಎಂದ ಅಪ್ಪ, ನಾಚಿಕೊಂಡವನಂತೆ.

“ಆ ಕಾಲಲ್ಲಿ ಬಿಸಿಲಲ್ಲಿ ಯಾಕೆ ನಡೀಬೇಕು ಇವರು?” ಎಂದ ರಘುನಂದನ್. “ಎಷ್ಟು ಹೆಜ್ಜೆ ಅಂತ ಹೇಳಿದ್ರೆ ಸಾಕು. ಅಳತೆ ನಾನು ಹಾಕ್ಕೋತೀನಿ.”

ಒಳ್ಳೆಯವನು ಎಂದುಕೊಂಡಳು ಮಂಜುಶ್ರೀ. ಒಳ್ಳೆಯವನೇ. ಆ ದಿನ ರಾತ್ರಿ ಅಪ್ಪ ಮೂರು ಸಲ ಹೇಳಿದ, “ಕುರ್ಚಿ ತಂದು ಹಾಕ್ಸುದ ಕಣೆ” ಎಂದು.

*

ರಘುನಂದನ್ ಒಂದು ಕೈಯಲ್ಲಿ ಸುಗಂಧರಾಜದ ಹಾರ, ಇನ್ನೊಂದರಲ್ಲಿ ಟ್ಯಾಬ್ ಹಿಡಿದು ಬಂದ. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಬೀದಿಯ ತುದಿಯಲ್ಲಿ ನಿಂತ. ಆಮೇಲೆ ಬೂಟು ಬಿಚ್ಚಿ, ನೀರಿಗಿಳಿದು, ಒಳಗೆ ಹೋಗಿ ಹಾರ ಹಾಕಿದ. ಪಟ್ಟಲಮ್ಮ ಅವನನ್ನು ನೋಡಲಿಲ್ಲ.

ಹೊರಗೆ ಬಂದು ಟ್ಯಾಬ್ ತೆರೆದ. ನೀಲಿ ಗೆರೆಯ ಮೇಲೆ ಒಂದು ಕೆಂಪು ಚುಕ್ಕೆ. “ಇಲ್ಲೇ ಇದೆ. ಮೂಲೆ ಕಂಬದಿಂದ ನಲವತ್ತೊಂಬತ್ತು ಮೀಟರ್.”

ಟೇಪು ಹಿಡಿದರು. ಮುದ್ದಯ್ಯನ ಕಡೆಯವರು ಕಾಂಕ್ರೀಟು ಒಡೆದರು. ಮೂರಡಿ ತೋಡಿದರು, ಮಣ್ಣು ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದರು, ಅಲ್ಲಿಯೂ ಮಣ್ಣು. ಒಂದೂವರೆ ಆಯಿತು. ನೀರು ಮನೆಯ ಎರಡನೆಯ ಮೆಟ್ಟಿಲಿಗೆ ಬಂತು. ರಸ್ತೆ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಅಲ್ಲಿಂದಲೇ ಕೂಗಿ ಹೇಳಿದರು. “ಏಯ್ ಅಂಬರೀಸ, ಎಷ್ಟೊತ್ತು ಅಂತ ಕಾಯದ್ಲಾ? ಹುಡುಗ್ರು ನೀರಲ್ಲೇ ಒತ್ಕೊಂಡು ಬತ್ತಾರೆ ಬುಡು. ಅವ್ನಿಗೇನು ಹೊಸ್ದಾ?”

ಅಂಬರೀಶ್ ತಲೆ ತಗ್ಗಿಸಿದ. “ಅಕ್ಕ, ಮೂರಕ್ಕೆ ಎತ್ಲೇಬೇಕು. ಅವ್ವಂಗೆ ನೀನೇ ಹೇಳು.”

ಅವನಿಗೇನು ಹೊಸದಾ. ಆ ಮಾತು ಕೇಳಿ ಮಂಜುಶ್ರೀಯ ಕಿವಿ ಬಿಸಿಯಾಯಿತು. ಬೆಳಗಿನಿಂದ ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

“ಅಪ್ಪ ಹೇಳಿದ್ದು ಮೀಟರಲ್ಲಿ ಅಲ್ಲವಲ್ಲ ಸರ್” ಎಂದಳು ರಘುನಂದನ್‌ಗೆ. “ಎಷ್ಟು ಹೆಜ್ಜೆ ಅಂದಿದ್ರು?”

ಅವನು ಬೆರಳಾಡಿಸಿ ಹುಡುಕಿದ. “ಅರವತ್ತನಾಲ್ಕು. ಹೆಜ್ಜೆಗೆ ಎರಡೂವರೆ ಅಡಿ ಹಿಡಿದಿದ್ದೀನಿ. ಸಾಮಾನ್ಯವಾಗಿ ಎಲ್ಲರದೂ ಅಷ್ಟೇ ಬರುತ್ತೆ.”

ಮಂಜುಶ್ರೀ ಮೂಲೆ ಕಂಬದ ಕಡೆಗೆ ನೋಡಿದಳು.

*

ಅವಳು ಹುಟ್ಟುವ ಮೊದಲೇ ಮ್ಯಾನ್‌ಹೋಲಿನ ಬೀಡುಕಬ್ಬಿಣದ ಮುಚ್ಚಳ ಅಪ್ಪನ ಎಡಗಾಲಿನ ಮೇಲೆ ಬಿದ್ದಿತ್ತು. ಐದು ಬೆರಳೂ ಹೋಗಿದ್ದವು. ಆಮೇಲೆ ಆ ಕಾಲನ್ನು ಅವನು ಹಿಮ್ಮಡಿಯ ಮೇಲೆ ಮಾತ್ರ ಊರುತ್ತಿದ್ದ. ಬಲಗಾಲು ಮುಂದೆ ಹೋಗುತ್ತಿತ್ತು. ಎಡಗಾಲು ಅದರ ಜೊತೆಗೆ ಬಂದು ನಿಲ್ಲುತ್ತಿತ್ತೇ ಹೊರತು ದಾಟುತ್ತಿರಲಿಲ್ಲ.

ಭಾನುವಾರ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದ. ಆಗ ಕಾಲೊನಿ ಇರಲಿಲ್ಲ. ಹೊಲದ ನಡುವೆ ಲೈನು ಹೋಗಿತ್ತು, ಈಗಿನ ಈ ಮೂಲೆ ಕಂಬ ಒಂದೇ ಇತ್ತು. ಅಪ್ಪ ಬಾಯಲ್ಲಿ ಎಣಿಸುತ್ತ ನಡೆಯುತ್ತಿದ್ದ. ಅವಳು ಹಿಂದಿನಿಂದ ಹಿಮ್ಮಡಿ ಊರಿಕೊಂಡು, ಅವನಂತೆಯೇ ಭುಜ ಕುಣಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಅವ್ವ ಅದನ್ನು ನೋಡಿ ಬೆನ್ನಿಗೆ ಬಾರಿಸಿದಳು. “ಅಪ್ಪನ ಕಾಲ ಆಡ್ಕೋತೀಯೇನೇ?”

“ಬುಡಮ್ಮಿ” ಎಂದಿದ್ದ ಅಪ್ಪ, ನಗುತ್ತ. “ಕಲ್ತ್ಕೊಳ್ಳಿ. ಯಾವತ್ತಾದ್ರೂ ಬೇಕಾಯ್ತದೆ.”

ಕಲಿಯುವುದರಲ್ಲೇನಿತ್ತು. ಆಮೇಲೆ ಅವಳು ಶಾಲೆಗೆ ಹೋದಳು, ಅಪ್ಪ ಏನು ಕೆಲಸ ಮಾಡುತ್ತಾನೆಂದು ಕೇಳಿದವರಿಗೆ ಆಫೀಸಿನಲ್ಲಿ ಎಂದು ಹೇಳಿದಳು, ಅಪ್ಪನ ಜೊತೆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು.

*

ಚಪ್ಪಲಿ ಬಿಟ್ಟು ಮೂಲೆ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಎತ್ತರದಲ್ಲಿ ಅವಳು ಅಪ್ಪನಷ್ಟೇ.

ಬಲಗಾಲು. ಎಡ ಹಿಮ್ಮಡಿ. ಮೊದಲ ನಾಲ್ಕು ಹೆಜ್ಜೆ ಹೊಂದಲಿಲ್ಲ. ವಾಪಸು ಬಂದು ಮತ್ತೆ ಶುರುಮಾಡಿದಳು. ಭುಜ ಒಂದು ಕಡೆಗೆ ಬೀಳಬೇಕು ಎಂಬುದು ನೆನಪಾಯಿತು, ಭುಜ ಬಿಟ್ಟಳು. ಆಮೇಲೆ ಕಾಲು ತಾನಾಗಿಯೇ ಹೋಯಿತು. ಹತ್ತು. ಇಪ್ಪತ್ತು. ಕಟ್ಟೆಯ ಮೇಲಿನ ಮಾತು ನಿಂತಿತು. ಇಪ್ಪತ್ತೆಂಟಕ್ಕೆ ನೀರು ಪಾದಕ್ಕೆ ತಾಕಿತು, ನಲವತ್ತಕ್ಕೆ ಮೀನಖಂಡಕ್ಕೆ ಬಂತು. ಅವಳು ಕೆಳಗೆ ನೋಡಲಿಲ್ಲ, ಬಾಯಲ್ಲಿ ಎಣಿಸುತ್ತ ಹೋದಳು.

ಅರವತ್ತನಾಲ್ಕಕ್ಕೆ ನಿಂತಳು. ತೋಡಿದ ಗುಂಡಿಗಳು ಇನ್ನೂ ಮೂರು ಮನೆಯಷ್ಟು ಮುಂದಿದ್ದವು.

“ಇಲ್ಲಿ.”

ರಘುನಂದನ್ ಗುಂಡಿಯನ್ನೂ ನೋಡಿದ, ಅವಳ ಕಾಲನ್ನೂ ನೋಡಿದ. “ನಾನು ಅವರನ್ನ ನಡೆಯೋಕೆ ಬಿಡಬೇಕಿತ್ತು” ಎಂದ. ಕುರ್ಚಿ ಹಾಕಿಸಿದ್ದಕ್ಕೆ ಅಪ್ಪ ಹಿಗ್ಗಿದ್ದನ್ನು ಹೇಳಬಹುದಿತ್ತು. ಅವಳು ಮುದ್ದಯ್ಯನನ್ನು ಕೈಬೀಸಿ ಕರೆದಳು.

ಮುದ್ದಯ್ಯ ನೀರಿನೊಳಗೇ ಕಾಂಕ್ರೀಟು ಒಡೆಸಿ, ಹಾರೆ ಹಾಕಿ ಮೀಟಿದ. ಒಂದೂವರೆ ಅಡಿ ಆಳಕ್ಕೆ ಹಾರೆ ಕಬ್ಬಿಣಕ್ಕೆ ತಾಗಿ ಠಣ್ ಎಂದಿತು. “ಅದೆ ಕಣವ್ವ, ಅದೆ” ಎಂದ ಅವನು, ಮತ್ತೆ ಎರಡು ಸಲ ಬಡಿದು ಕೇಳಿಸಿದ, ಮನೆಯೊಳಗೆ ಮಲಗಿದವನಿಗೂ ಕೇಳಲಿ ಎಂಬಂತೆ. ಮುಚ್ಚಳ ತೆಗೆದು ಪೈಪು ಬಿಟ್ಟರು. ಐದು ನಿಮಿಷವಲ್ಲ, ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಒಳಗೆಲ್ಲೋ ದೊಡ್ಡದೊಂದು ಗುಟುಕು ನುಂಗಿದ ಸದ್ದಾಗಿ, ಬೀದಿಯ ನೀರು ಒಂದೇ ಸಮನೆ ಇಳಿಯತೊಡಗಿತು.

ಟ್ಯಾಂಕರಿನ ನೀರು ಹೊಡೆದು ತೊಳೆದರು, ಪೊರಕೆ ಹಾಕಿ ಬಳಿದರು, ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಎರಚಿದರು. ಬಿಸಿಲು ಜೋರಾಗಿತ್ತು. ಮುದ್ದಯ್ಯ ತನ್ನ ಕೈಯಾರೆ ಮೊರದಲ್ಲಿ ಪೌಡರು ತಂದು ಇದ್ದ ಸಂದುಗಳನ್ನೂ ಮುಚ್ಚಿದ. ಮೂರು ಗಂಟೆಗೆ ಬೀದಿ ಈ ಕೊನೆಯಿಂದ ಆ ಕೊನೆಯವರೆಗೆ ಒಣಗಿ ಬೆಳ್ಳಗಿತ್ತು.

ಅಲ್ಲಿಯವರೆಗೂ ಮಂಜುಶ್ರೀ ಗುಂಡಿಯ ಪಕ್ಕದಲ್ಲೇ ನಿಂತಿದ್ದಳು. “ಓಗು ಮಗ, ಎತ್ತುತಾರೆ ಈಗ” ಎಂದು ಮುದ್ದಯ್ಯ ಹೇಳಿದ ಮೇಲೆ ಬರಿಗಾಲಲ್ಲಿ ಮನೆಯ ಕಡೆಗೆ ನಡೆದಳು.

ಹಿತ್ತಲಲ್ಲಿ ಮೀಯಿಸಿ, ಹೊಸ ಬಟ್ಟೆ ಉಡಿಸಿ, ಚಟ್ಟಕ್ಕೆ ಕಟ್ಟಿದ್ದರು. ಅಂಬರೀಶನೂ ಇನ್ನು ಮೂವರು ನೆಂಟರೂ ಹೆಗಲು ಕೊಟ್ಟು ಬಾಗಿಲಿಗೆ ಬಂದರು. ಮುಂದೆ ನಿಂತಿದ್ದ ಪಟ್ಟಲಮ್ಮ ಕೈ ಅಡ್ಡ ಹಿಡಿದಳು.

“ಏನವ್ವ? ಒಣಗದಲ್ಲ” ಎಂದ ಅಂಬರೀಶ್.

ಅವಳು ಬೀದಿಯನ್ನು ನೋಡುತ್ತಿದ್ದಳು. ಬೆಳ್ಳನೆಯ ಪುಡಿಯ ನಟ್ಟನಡುವೆ ಒಂದು ಸಾಲು ಹೆಜ್ಜೆ ಗುಂಡಿಯಿಂದ ಮನೆಯವರೆಗೆ ಬಂದಿತ್ತು. ಬಲಗಾಲಿನದು ಪೂರ್ತಿ ಮೂಡಿತ್ತು. ಎಡಗಾಲಿನದು ಹಿಮ್ಮಡಿ ಮಾತ್ರ.

ಮಂಜುಶ್ರೀ ಬಾಗಿ ತನ್ನ ಕಾಲನ್ನು ನೋಡಿಕೊಂಡಳು. ಮನೆಯ ಮೆಟ್ಟಿಲ ಮೇಲೆ ನಿಂತಿದ್ದರೂ ಎಡಗಾಲಿನ ಬೆರಳನ್ನು ಇನ್ನೂ ಮೇಲೆತ್ತಿಕೊಂಡೇ ಇದ್ದಳು. ಯಾವಾಗಿನಿಂದ ಹಾಗೆ ನಡೆದಳೋ ಅವಳಿಗೇ ಗೊತ್ತಿರಲಿಲ್ಲ. ಬೆರಳನ್ನು ನೆಲಕ್ಕೆ ಊರಲು ನೋಡಿದಳು.

“ಒಸಿ ಪಕ್ಕದಲ್ಲಿ ನಡೀರಪ್ಪ” ಎಂದಳು ಪಟ್ಟಲಮ್ಮ.

ಹೊತ್ತವರು ಗೋಡೆಯ ಅಂಚು ಹಿಡಿದು, ಮೆಲ್ಲಗೆ ಸರಿದು, ಹೆಜ್ಜೆಗಳನ್ನು ಮೆಟ್ಟದೆ ಮುಖ್ಯರಸ್ತೆಯ ಕಡೆಗೆ ಹೋದರು. ತಮಟೆ ಶುರುವಾಯಿತು.

ಸೋದರತ್ತೆ ಮೊರದ ತುಂಬ ಬೂದಿ ಹಿಡಿದುಕೊಂಡು ಒಳಗಿನಿಂದ ಬಂದಳು, ಎಲ್ಲಿಂದ ಹರವಲಿ ಎಂದು ಕೇಳಲು. ಅತ್ತಿಗೆ ನೋಡುತ್ತಿದ್ದ ಕಡೆಗೆ, ಪುಡಿಯ ಮೇಲಿನ ಹೆಜ್ಜೆಗಳನ್ನು ತಾನೂ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಮೊರದಲ್ಲಿದ್ದುದನ್ನೆಲ್ಲ ಮತ್ತೆ ನೀರೊಲೆಗೆ ಸುರಿದಳು.