ಕುರಿತೊಡೆ ತಪ್ಪಿಸಿದ ಹಾಡು

ಥೆಲ್ಮಾ ಓಲ್ಡ್‌ರಾಯ್ಡ್ ಮೂವತ್ತು ವರ್ಷಗಳಲ್ಲಿ ಎತ್ತದ ಅವತಾರವಿಲ್ಲ. ಮೊದಲು ಗಿಟಾರ್ ಹಿಡಿದು, ಕಂಡೇ ಇರದ ಕಡಲಿನ ಬಗ್ಗೆ ಹಾಡುತ್ತಾ ಅಳುತ್ತಿದ್ದಳು. ಆಮೇಲೆ ಬೆಳ್ಳಿ ಬಣ್ಣದ ಬೂಟು ತೊಟ್ಟು ಕುಣಿದಳು. ಪ್ರವಾಸಿ ಹಡಗಿನಲ್ಲಿ ಎರಡು ವರ್ಷ ಹಾಡಿ, ಕಡೆಗೂ ಕಡಲು ಕಂಡು, ವಾಂತಿ ಮಾಡಿಕೊಂಡಳು. ಬರೆದದ್ದು ಇನ್ನೂರು ಹಾಡು. ಜನಕ್ಕೆ ನೆನಪಿರುವುದು ಒಂದೇ, ಗ್ರೇವಿ ಪುಡಿಯ ಜಾಹೀರಾತಿಗೆ ಊಟದ ಬಿಡುವಿನಲ್ಲಿ ಗೀಚಿಕೊಟ್ಟದ್ದು: ‘ಕಲಸು, ಕಲಸು, ಗಂಟು ಕಟ್ಟದಂತೆ ಕಲಸು.’

ಬೂಟಿನ ಕಾಲದಿಂದಲೂ ಅವಳಿಗೆ ಪಿಯಾನೋ ನುಡಿಸುತ್ತಿರುವವನು ನಾನು.

ಆ ಭಾನುವಾರ ಮಧ್ಯಾಹ್ನ ಬಾರ್ನ್ಸ್‌ಲಿ ಪಕ್ಕದ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಅವಳಿಗಿದ್ದ ಆಸೆ ಒಂದೇ. ತನ್ನ ಅಪ್ಪನ ಊಟದ ಡಬ್ಬಿಯ ಬಗ್ಗೆ ಬರೆದ ಹೊಸ ಹಾಡನ್ನು ಒಂದು ಸಲ, ಕೊನೆಯ ಸಾಲಿನವರೆಗೆ, ಜನರ ಮುಂದೆ ಹಾಡಬೇಕು. ಆರು ವಾರದಲ್ಲಿ ಆರು ಕ್ಲಬ್ಬು ಸುತ್ತಿದ್ದೆವು. ಎಲ್ಲೂ ಎರಡನೇ ಚರಣ ದಾಟಿರಲಿಲ್ಲ.

ಇಲ್ಲಿಯೂ ಅಷ್ಟೇ. ಮೊದಲ ಚರಣ ಮುಗಿಯುವಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಸಿರಿಲ್ ಅವಳ ಕೈಯಿಂದ ಮೈಕು ಕಿತ್ತುಕೊಂಡ. ಶೀತದಿಂದ ಅವನ ಮೂಗು ಬಿರಡೆ ಹಾಕಿದಂತೆ ಕಟ್ಟಿಹೋಗಿ, ‘ಮ’ ಎಂದರೆ ‘ಬ’, ‘ನ’ ಎಂದರೆ ‘ದ’ ಹೊರಡುತ್ತಿತ್ತು.

“ಬಹದೀಯರೇ, ಬಾಂಸದ ಪೈ ಬದ್ತು!”

ಇಡೀ ಸಭೆ ಅಡುಗೆಮನೆ ಕಿಟಕಿಗೆ ಗುಳೆ ಹೋಯಿತು. ಮಾಂಸ ತುಂಬಿದ ಪೈ ಹಿಡಿದು ಮರಳಿ ಬಂದವರು, “ಗ್ರೇವಿದು ಹಾಡಮ್ಮ, ಇದಕ್ಕೆ ನೆಂಚ್ಕೊಳ್ತೀವಿ!” ಎಂದರು.

ಥೆಲ್ಮಾ ವೇದಿಕೆಯ ಹಿಂದೆ, ಬಿಯರ್ ಪೀಪಾಯಿಗಳ ನಡುವೆ ಹೋಗಿ ಕೂತಳು. “ಇವರು ಬಾಯಿ ಮುಚ್ಕೊಂಡು ಕೇಳೋದು ಜೀವನದಲ್ಲಿ ಒಂದೇ ಹೊತ್ತು ಕಣೋ. ಬಿಂಗೋ ಹೊತ್ತು.”

“ಬತ್ತೆ ಆ ದಂಬರೆಲ್ಲಾ ಕೂಗೋರು ಯಾರು, ಚಿದ್ದ?” ಎಂದೆ, ಸಿರಿಲ್‌ನ ಕಟ್ಟಿದ ಮೂಗನ್ನು ಅಣಕಿಸುತ್ತಾ.

ನಾನು ತಮಾಷೆ ಮಾಡಿದ್ದೆ. ಅವಳು ಎದ್ದೇಬಿಟ್ಟಳು.

“ಈ ಮೂಗಲ್ಲಿ ಕೂಗಿದ್ರೆ ದಂಗೆ ಆಗುತ್ತೆ ಸಿರಿಲ್, ನಾನು ಕೂಗ್ಲಾ?” ಎಂದು ಅವಳು ಕೇಳಿದಾಗ ಅವನಿಗೂ ನಿರಾಳ. ಬಹುಮಾನ ಒಂದು ಇಡೀ ಕುರಿತೊಡೆ. ನಿಯಮವನ್ನು ಅವನೇ ಸೀನುತ್ತಾ ಸಾರಿದ: ಕೂಗಿದ ಸಂಖ್ಯೆ ಚೀಟಿಯಲ್ಲಿದ್ದರೆ ಗೀಟು ಹಾಕಬೇಕು, ಚೀಟಿ ತುಂಬಿದ ಕೂಡಲೇ ಹೌಸ್ ಎಂದು ಕೂಗಬೇಕು, ಅಷ್ಟರಲ್ಲಿ ಮುಂದಿನ ಸಂಖ್ಯೆ ಬಂದರೆ ತೊಡೆ ಇಲ್ಲ.

ಪೆನ್ನುಗಳು ಚೀಟಿಗಿಳಿದವು. ಕೆಮ್ಮು ಸಹ ನಿಂತಿತು.

“ಕಾಲೆರಡು, ಹನ್ನೊಂದು,” ಎಂದಳು ಥೆಲ್ಮಾ, ಬಿಂಗೋದ ರೂಢಿಯಂತೆ ಸಂಖ್ಯೆಗೊಂದು ಅಡ್ಡಹೆಸರು ಸೇರಿಸಿ. ಆಮೇಲೆ ನನ್ನತ್ತ ಕಣ್ಣು ಹೊಡೆದು, ಹಾಡಿದಳು: “ಪಾಳಿ ಮುಗಿದು ಅಪ್ಪ ಬಂದ, ಮೈತುಂಬ ಮಸಿಯ ಹೊದ್ದು...”

“ಏಯ್, ಬರೀ ನಂಬರ್ ಕೂಗೇ!” ಎಂದನೊಬ್ಬ.

“ಶ್! ನಂಬರ್ ತಪ್ಪೋಗುತ್ತೆ!” ಎಂದು ನಲವತ್ತು ಜನ ಅವನ ಮೇಲೆ ಬಿದ್ದರು.

ಒಂದು ಸಂಖ್ಯೆ, ಒಂದು ಸಾಲು. ನಾನು ಮೆಲ್ಲಗೆ ನುಡಿಸುತ್ತಾ ಹೋದೆ. ಎರಡನೇ ಚರಣ ದಾಟಿತು. ಮೂರನೆಯದರ ಕೊನೆಗೆ ಬಂದೆವು.

“ಬಾತುಕೋಳಿ ಜೋಡಿ, ಇಪ್ಪತ್ತೆರಡು.”

ಯಾವ ಊರಿನ ಬಿಂಗೋದಲ್ಲೂ ಈ ಸಂಖ್ಯೆಗೆ ಜನ ‘ಕ್ವಾಕ್ ಕ್ವಾಕ್’ ಎನ್ನದೆ ಬಿಡುವುದಿಲ್ಲ. ಅಂದು ಒಬ್ಬರೂ ಕೂಗಲಿಲ್ಲ.

ಥೆಲ್ಮಾ ಕೊನೆಯ ಸಾಲು ಹಾಡಿದಳು: “ಡಬ್ಬಿ ತೆರೆದರೆ ಮೂಲೆಯೊಳಗೆ, ಹಸಿದವನು ಉಳಿಸಿ ತಂದ ಬ್ರೆಡ್ಡಿನ ಚೂರು, ನನಗೆ.”

ಕ್ಷಣ ಬಿಟ್ಟು, “ಅರವತ್ತೊಂದು,” ಎಂದಳು.

“ಹೌಸ್!” ಎಂದ ಬಾಗಿಲ ಬಳಿ ಕೂತಿದ್ದ ಬೋಳುತಲೆಯವನು.

“ನಂದು! ಅಯ್ಯೋ, ಹೌಸ್ ನಂದು!” ಮುಂದಿನ ಮೇಜಿನ ಮ್ಯೂರಿಯೆಲ್, ಗಣಿ ಕಾರ್ಮಿಕನೊಬ್ಬನ ಎಪ್ಪತ್ತು ದಾಟಿದ ವಿಧವೆ, ಚೀಟಿ ಬೀಸುತ್ತಾ ಎದ್ದಳು. ಇಪ್ಪತ್ತೆರಡಕ್ಕೇ ಅವಳ ಚೀಟಿ ತುಂಬಿತ್ತು.

“ತಡ ಆಯ್ತು, ಚಿದ್ದ,” ಎಂದ ಸಿರಿಲ್. “ದಿಯಬ ದಿಯಬಾದೇ.”

ಮ್ಯೂರಿಯೆಲ್ ನೇರ ವೇದಿಕೆಗೆ ಬಂದಳು. “ಐವತ್ತು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ನಾನು! ನನ್ನ ತೊಡೆ ಹೋಯ್ತಲ್ಲೇ ನಿನ್ನಿಂದ!”

“ನಾನೇನು ಮಾಡ್ದೆ? ನಂಬರ್ ಕೂಗ್ದೆ.”

“ಆ ಬ್ರೆಡ್ ಚೂರು! ಯಾಕೆ ಬೇಕಿತ್ತು ಅದೆಲ್ಲಾ? ನಮ್ಮಪ್ಪನೂ ತರೋನು. ಡಬ್ಬಿ ವಾಸನೆ ಹೊಡೀತಿತ್ತು, ಕಲ್ಲಿದ್ದಲು ಪುಡಿ ಬೇರೆ. ಪೆನ್ನು ಕೈಲಿ ಹಿಡ್ಕೊಂಡು ಅದನ್ನೇ ನೆನೆಸ್ತಾ ಕೂತೆ, ದರಿದ್ರದವಳೇ!”

ಥೆಲ್ಮಾ ಉತ್ತರ ಕೊಡುವ ಮೊದಲೇ ಗದ್ದಲ ಎದ್ದಿತ್ತು. ಹಾಡಿನಿಂದ ಆಟ ಕೆಟ್ಟಿತೆಂದು ಅರ್ಧ ಜನ, ತೊಡೆಗೆ ಗ್ರೇವಿ ಬೇಕೆಂದು ಇನ್ನರ್ಧ. ಇನ್ನು ಈ ಕ್ಲಬ್ಬಿನ ಹೊಸಿಲು ತುಳಿಯಬೇಡ ಎಂದ ಸಿರಿಲ್. ಹೋಗುವ ಮುಂಚೆ ಗ್ರೇವಿದು ಹಾಡಿಬಿಡು ಎಂದೂ ಸೇರಿಸಿದ. ಅವಳು ಹಾಡಿದಳು. ಇಡೀ ಕ್ಲಬ್ಬು ಚಮಚ ಬಡಿಯಿತು. ಮ್ಯೂರಿಯೆಲ್ ಒಬ್ಬಳೇ ಬೆನ್ನು ತಿರುಗಿಸಿ ಕೂತಿದ್ದಳು.

ವ್ಯಾನ್ ಹೊರಟಿತು. ನಾನೇ ಕೆದಕಿದೆ: “ಏಳನೇ ಕ್ಲಬ್ಬೂ ಹೋಯ್ತು.”

“ಆ ಮುದುಕಿ ಎಂಥಾ ಬೈಗುಳ ಬೈದಳು ನೋಡಿದ್ಯೇನೋ,” ಎಂದಳು ಥೆಲ್ಮಾ, ಕಿಟಕಿಯತ್ತ ಮುಖ ಮಾಡಿ. ಆಮೇಲೆ, “ಡಾನ್‌ಕಾಸ್ಟರ್ ಕ್ಲಬ್ಬಿನವರಿಗೆ ಫೋನ್ ಮಾಡು. ಹಾಡೋಕಲ್ಲ. ಬಿಂಗೋ ಕೂಗೋರು ಬೇಕಾ ಕೇಳು.”